ಆಖಿಂ ಅತ್ತೆಯ ಕ್ಯಾಲೆಂಡರ್ ಚೀಟಿಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ಮಾತೂ ಅಷ್ಟಕ್ಕಷ್ಟೆ. ಒಂದು ಪದ ಸರಿಯೋ ತಪ್ಪೋ ಎಂದು ಅನುಮಾನ ಬಂದ ಕಡೆಯಲ್ಲೆಲ್ಲ ಅದನ್ನು ಬಿಟ್ಟು, ನನಗೆ ಚೆನ್ನಾಗಿ ಗೊತ್ತಿರುವ ಸಣ್ಣ ಪದವನ್ನೇ ಹಾಕಿದ್ದೇನೆ. ಇದು ನಮ್ಮ ಓಣಿಯ ಆಖಿಂ ಅತ್ತೆಯ ಕಥೆ. ಅವಳು, ಅವಳ ಗೆಳತಿ ಕಿಂಚೂ, ಅವಳ ಮೈದುನನ ಮಗಳು ಪೇಚುನ್, ಮೂವರೂ ನಡೆದದ್ದನ್ನು ಬೇರೆ ಬೇರೆಯಾಗಿ ಹೇಳಿದರು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದದಿದ್ದಲ್ಲಿ ಆಖಿಂ ಅತ್ತೆಯ ಮಾತನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಕಥೆ ಅವಳದು.

ನಮ್ಮೂರು ಮಾದೋದಲ್ಲಿ ಮದುವೆಯೂಟ ಎಂದರೆ ರಸ್ತೆಯ ಮೇಲೆಯೇ. ಬೆಳಗಾಗುತ್ತಲೇ ಪಟ್ಟೆಪಟ್ಟೆಯ ಡೇರೆ ಏಳುತ್ತದೆ, ದುಂಡು ಮೇಜುಗಳು ಚಕ್ರದ ಹಾಗೆ ಉರುಳಿಕೊಂಡು ಬರುತ್ತವೆ, ಗ್ಯಾಸ್ ಒಲೆಗಳು ಸಾಲಾಗಿ ಕೂತು ಭುಸುಗುಡುತ್ತವೆ. ಆ ಒಲೆಗಳ ಮುಂದೆ ನಿಲ್ಲುವ ಮುಖ್ಯ ಅಡುಗೆಯವಳು ಆಖಿಂ. ಅರವತ್ತು ದಾಟಿದ, ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸು. ಗಂಡ ತೆಕ್‌ಫೂ ಇದ್ದಾಗ ಅವನೇ ಮುಖ್ಯ ಅಡುಗೆಯವನು, ಇವಳು ಅವನ ಬಲಗೈ. ತೆಕ್‌ಫೂ ಒಂದಕ್ಷರ ಬರೆದಿಟ್ಟವನಲ್ಲ. ಅವನ ವಿದ್ಯೆಯೆಲ್ಲ ನಾಲಿಗೆಯ ತುದಿಯಲ್ಲಿತ್ತು. ಬರೆಯುವ ಚಟ ಆಖಿಂಗೆ. ಅವಳು ಬರೆಯುತ್ತಿದ್ದದ್ದು ಕ್ಯಾಲೆಂಡರ್ ಹಾಳೆಗಳ ಬೆನ್ನಿನ ಮೇಲೆ.

ನಮ್ಮಲ್ಲಿ ಕ್ಯಾಲೆಂಡರನ್ನು ಯಾರೂ ಕೊಂಡು ತರುವುದಿಲ್ಲ. ವರ್ಷದ ಕೊನೆಗೆ ರೈತ ಸಂಘದವರು, ಅಕ್ಕಿ ಅಂಗಡಿಯವನು, ಗ್ಯಾಸ್ ಅಂಗಡಿಯವನು, ಔಷಧಿ ಅಂಗಡಿಯವನು, ಎಲ್ಲರೂ ಬೇಡಬೇಡವೆಂದರೂ ಒಂದೊಂದು ಕೈಗೆ ತುರುಕುತ್ತಾರೆ. ಇಟ್ಟಿಗೆಯಷ್ಟು ದಪ್ಪ, ದಿನಕ್ಕೊಂದು ಹಾಳೆ. ಹಾಳೆಯ ಮುಂದೆ ದೊಡ್ಡ ಅಂಕಿ, ಚಾಂದ್ರಮಾನದ ತಿಥಿ, ಇವತ್ತು ಮನೆ ಬದಲಿಸಬಹುದೇ ಕೂದಲು ಕತ್ತರಿಸಬಹುದೇ ಎಂಬ ವಿಚಾರ, ಕೆಳಗೆ ಅಂಗಡಿಯ ಹೆಸರು. ಬೆನ್ನು ಪೂರ್ತಿ ಖಾಲಿ. ಒಂದನ್ನು ನಡುಮನೆಯ ಗೋಡೆಗೆ ಹಾಕಿ ದಿನವೂ ಬೆಳಿಗ್ಗೆ ಹರಿಯುತ್ತೇವೆ. ಮಿಕ್ಕವು ಅಡುಗೆಮನೆಗೆ ಹೋಗುತ್ತವೆ. ಕರಿದದ್ದರ ಎಣ್ಣೆ ಹೀರಲು, ಮೀನಿನ ಮುಳ್ಳು ಸುತ್ತಿ ಎಸೆಯಲು, ಬರೆಯಲು.

ಆಖಿಂ ಬರೆದದ್ದು ಅಡುಗೆಯ ಅಳತೆ ಮಾತ್ರವಲ್ಲ. ‘ಊ ಅಜ್ಜಿ ದನದ ಮಾಂಸ ಮುಟ್ಟುವುದಿಲ್ಲ, ಹರಕೆ.’ ‘ಕೆಳಬೀದಿಯ ಅಣ್ಣತಮ್ಮ ಒಂದೇ ಮೇಜಿಗೆ ಬೇಡ. ಸಾರಿನ ಬಟ್ಟಲು ಹಾರುತ್ತದೆ.’ ‘ಚಳಿಯಲ್ಲಿ ಏಡಿ ಅನ್ನದ ಅಕ್ಕಿ ಹೆಚ್ಚು ಹೊತ್ತು ನೆನೆಯಲಿ.’ ‘ಡೇರೆಯ ಕಾಲುವೆ ಕಡೆ ಮೂಲೆ ಸೋರುತ್ತದೆ. ವಧುವಿನ ಸೋದರಮಾವನನ್ನು ಅಲ್ಲಿ ಕೂರಿಸಬಾರದು.’ ಬರೆದ ಚೀಟಿಯನ್ನು ಒಲೆಯ ಪಕ್ಕದ ಮೊಳೆಗೆ ಚುಚ್ಚುವಳು. ಮೊಳೆ ತುಂಬಿದರೆ ಮದುವೆಗೆ ಹಂಚುವ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಸುರಿಯುವಳು. ಡಬ್ಬಗಳು ಮಂಚದ ಕೆಳಗೆ ತುಂಬಿ, ಬಟ್ಟೆಯ ಬೀರುವಿನ ಮೇಲೆ ಹತ್ತಿ, ದೇವರ ಮೇಜಿನ ಅಡಿಗೂ ನುಗ್ಗಿದ್ದವು.

ತೆಕ್‌ಫೂ ತೀರಿಕೊಂಡು ಎರಡು ವರ್ಷವಾಗುತ್ತಾ ಬಂದಿತ್ತು. ಮೇಜು, ಡೇರೆ ಸಾಗಿಸುವ ಲಾರಿಯನ್ನು ಈಗ ಪೇಚುನ್ ಓಡಿಸುತ್ತಿದ್ದಳು. ಅವಳಿಗೆ ಬರೀ ಲಾರಿ ಸಾಲದು, ಅಡುಗೆಯೂ ಬೇಕು. ಒಂದು ದಿನ ದೊಡ್ಡಮ್ಮನ ಡಬ್ಬವೊಂದನ್ನು ತೆರೆದಳು. ಬೆಳ್ಳಗಿನ ಹುಳುಗಳು ಸರಸರನೆ ಹರಿದಾಡಿದವು. ಹಂದಿ ತೊಡೆ ಬೇಯಿಸುವ ಕ್ರಮದ ಅರ್ಧ ಅವುಗಳ ಹೊಟ್ಟೆಗೆ ಹೋಗಿತ್ತು.

“ದೊಡ್ಡಮ್ಮಾ, ಹುಳ ಎಲ್ಲ ಕಲ್ತುಬಿಡ್ತು. ನಾನು ಯಾವಾಗ ಕಲಿಯೋದು?” ಎಂದಳು ಪೇಚುನ್.

ಅವಳೇ ಆಖಿಂಳ ಫೋನಿಗೆ ಕೃತಕ ಬುದ್ಧಿಯ ಸಹಾಯಕವನ್ನು ಹಾಕಿಕೊಟ್ಟಳು. ಒಂದೊಂದು ಚೀಟಿಯ ಹಿಂದುಮುಂದು ಫೋಟೋ ತೆಗೆದು ಕೊಟ್ಟರೆ ಸಾಕು, ಅದೇ ಓದಿಕೊಂಡು, ಒಂದೊಂದು ವಿಷಯವನ್ನೂ ಅದರದರ ಜಾಗಕ್ಕೆ ಸೇರಿಸಿ, ಕೇಳಿದಾಗ ತೆಗೆದುಕೊಡುತ್ತದೆ. ಬಾಯಲ್ಲೇ ಕೇಳಬಹುದು.

ಕಿಂಚೂ ಪಕ್ಕದಲ್ಲಿ ಕೂತು ಕಳಲೆ ಹೆಚ್ಚುತ್ತಿದ್ದಳು. ಆಖಿಂಳ ತಂಡದಲ್ಲಿ ತರಕಾರಿ ಹೆಚ್ಚುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಕೈಯ ಕತ್ತಿಗಿಂತ ಬಾಯಿ ಹರಿತ.

“ಮಗ ಹುಟ್ಟಲಿಲ್ಲ ಅಂತ ಕೊರಗ್ತಿದ್ದೆಯಲ್ಲೇ, ಈಗ ನೇರ ಸೊಸೇನೇ ಬಂದ್ಲು ನೋಡು. ಹೇಳಿದ ಕೆಲಸ ಮಾಡ್ತಾಳೆ, ಎದುರು ಮಾತಾಡಲ್ಲ, ಉಣ್ಣೋಕೂ ಕೇಳಲ್ಲ.”

“ಸುಮ್ನಿರೇ. ಸೊಸೆ ಬಂದ ಮನೇಲಿ ಅತ್ತೆ ಚಾಕು ಕೆಳಗಿಡಬೇಕಾಗುತ್ತೆ,” ಎಂದಳು ಆಖಿಂ.

ತಮಾಷೆಗೆ ಅಂದದ್ದು. ಆದರೆ ಅಂದಿನಿಂದ ಆ ಸಹಾಯಕಕ್ಕೆ ಮನೆಯಲ್ಲಿ ‘ಸೊಸೆ’ ಎಂದೇ ಹೆಸರಾಯಿತು.

ಆಖಿಂ ಚೀಟಿಗಳನ್ನು ದೇವರ ಮೇಜಿನ ಮೇಲೆ ಹರಡಿಕೊಂಡು ಫೋಟೋ ತೆಗೆದಳು. ಓದುತ್ತಾ ಕೂರಲಿಲ್ಲ. ಓದುತ್ತಾ ಕೂತರೆ ಜನ್ಮ ಸಾಲದು. ಮುಂದಿನದೊಂದು, ಹಿಂದಿನದೊಂದು ಎಂದು ಕಟಕಟನೆ ತೆಗೆದಳು. “ತಾರೀಖು ಮುಂದ್ಗಡೆ ಅಚ್ಚಾಗಿದೆ ಕಣಮ್ಮಾ, ನೋಡ್ಕೋ,” ಎಂದು ಸೊಸೆಗೆ ಒಮ್ಮೆ ಹೇಳಿದಳು. ಈ ವರ್ಷದ ಚೀಟಿಗಳು ಇನ್ನೂ ಮೊಳೆಯಲ್ಲೇ ಇದ್ದವು. ಅವನ್ನು ಮುಟ್ಟಲಿಲ್ಲ.

ಮೊದಮೊದಲು ಅವಳಿಗೆ ಹಬ್ಬದಂತಾಯಿತು. ಒಗ್ಗರಣೆ ಹಾಕುತ್ತಲೇ ಕೇಳುವಳು, ಸೊಸೆ ಉತ್ತರ ಕೊಡುವುದು. ಊ ಅಜ್ಜಿಯ ಮೊಮ್ಮಗನ ಮದುವೆಯೂಟ ಹತ್ತಿರವಾಗಿತ್ತು. “ಊ ಅವರ ಮನೇಲಿ ಏನೇನು ನೋಡ್ಕೋಬೇಕು?” ಎಂದು ಕೇಳಿದರೆ, ಅಜ್ಜಿಯ ಹರಕೆ, ಅವಳ ಚಿಕ್ಕ ಮಗನಿಗೆ ಸಿಗಡಿ ತಿಂದರೆ ಏಳುವ ದದ್ದು, ಹಿಂದಿನ ಸಲ ಸಾರು ತಣ್ಣಗಾಗಿ ಹೋದದ್ದು, ಎಲ್ಲವೂ ಒಂದೇ ಉಸಿರಿಗೆ ಬಂತು. ಅವು ಮೂರು ಬೇರೆ ಬೇರೆ ಡಬ್ಬಗಳಲ್ಲಿ ಇದ್ದ ಮಾತುಗಳು. ತೆಕ್‌ಫೂ ಯಾವಾಗಲೋ ಗೊಣಗಿದ್ದು, ಇವಳು ಯಾವಾಗಲೋ ಗೀಚಿದ್ದು. ಆಖಿಂ ಸೌಟು ಹಿಡಿದೇ ನಿಂತು ಕೇಳಿದಳು. ಎಷ್ಟೋ ವರ್ಷದಿಂದ ಹೊತ್ತ ಬುಟ್ಟಿಯನ್ನು ಯಾರೋ ಒಂದು ಕೈ ಹಿಡಿದು ಇಳಿಸಿದ ಹಾಗಾಯಿತು.

ಅದೇ ಖುಷಿಯಲ್ಲಿ ಒಂದು ಮಧ್ಯಾಹ್ನ, ಊಟವಾಗಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಗ, ಸೊಸೆ ತಾನಾಗಿ ಕೇಳಿತು: “ವಿಷಯದ ಪ್ರಕಾರ ಜೋಡಿಸಿದ್ದಾಯಿತು. ದಿನಾಂಕದ ಪ್ರಕಾರವೂ ಜೋಡಿಸಿ, ವರ್ಷವರ್ಷದ ಕಥೆಯ ಹಾಗೆ ಮಾಡಿಕೊಡಲೇ?”

“ಮಾಡು, ಮಾಡು. ತೆಕ್‌ಫೂ ಹೋದ ವರ್ಷದಿಂದ್ಲೇ ಶುರು ಮಾಡು,” ಎಂದಳು.

ಆ ವರ್ಷ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಗಂಡ ವಸಂತದಲ್ಲಿ ಮಲಗಿದ್ದು, ಬೇಸಗೆ ಮುಗಿಯುವಾಗ ಹೋದದ್ದು ಗೊತ್ತು. ಅದರ ನಡುವಿನದು, ಆಮೇಲಿನದು, ಎಲ್ಲವೂ ಹಬೆ ಹಿಡಿದ ಗಾಜಿನ ಹಿಂದೆ ಇದ್ದಂತೆ. ಸೊಸೆ ಹೇಳಿದರೆ ಅದನ್ನೊಮ್ಮೆ ಮುಂದೆ ಕೂರಿಸಿಕೊಂಡು ನೋಡಿಬಿಡಬಹುದು ಎಂದುಕೊಂಡಳು.

ಫೋನಿನ ಪರದೆಯ ಮೇಲೆ ಸಾಲುಗಳು ಬಂದವು. ಆಖಿಂ ಕನ್ನಡಕ ಏರಿಸಿಕೊಂಡು ಓದಿದಳು.

ಒಂಬತ್ತನೇ ತಿಂಗಳ ಶುರು: ‘ತೆಕ್‌ಫೂ ಅವರ ಕೊನೆಯ ಕಾರ್ಯ ಮುಗಿಯಿತು. ಬಂದವರಿಗೆ ಮಾಂಸವಿಲ್ಲದ ಊಟ. ಅಣಬೆ ಸಾಲಲಿಲ್ಲ.’

ಅದು ಸರಿ. ಅಣಬೆ ಸಾಲದೆ ಹೋದದ್ದು ಅವಳಿಗೂ ನೆನಪಿತ್ತು. ಆಮೇಲಿನ ಸಾಲು ಅದೇ ತಿಂಗಳ ಕೊನೆಯದು.

‘ಎರಡು ಚಮಚ ಗಂಜಿ. ಕಣ್ಣು ತೆರೆಯಲಿಲ್ಲ.’

ಆಖಿಂ ಮತ್ತೆ ಓದಿದಳು. ಹತ್ತನೇ ತಿಂಗಳು: ‘ಅರ್ಧ ಬಟ್ಟಲು ಗಂಜಿ. ಶುಂಠಿ ಸಾಕು ಎಂದರು.’ ಹನ್ನೊಂದನೇ ತಿಂಗಳು: ‘ಒಂದು ಬಟ್ಟಲು ಹಾಲುಮೀನಿನ ಗಂಜಿ. ದಿಂಬಿಗೆ ಒರಗಿ ಕೂತು ತಿಂದರು.’ ಚಳಿಗಾಲದ ಅಯನದ ದಿನ, ಮನೆಮನೆಯಲ್ಲಿ ಅಕ್ಕಿ ಉಂಡೆಯ ಪಾಯಸ ಮಾಡುವ ದಿನ: ‘ಎರಡು ಬಟ್ಟಲು. ಉಪ್ಪು ಕಮ್ಮಿ ಎಂದು ಬೈದರು.’

ಕೆಳಗೆ ಸೊಸೆ ಎಲ್ಲವನ್ನೂ ಕೂಡಿಸಿ ಒಂದು ಸಾಲು ಬರೆದಿತ್ತು: ‘ವರ್ಷದ ಕೊನೆಯ ಹೊತ್ತಿಗೆ ಅವರ ಆರೋಗ್ಯ ಸುಧಾರಿಸುತ್ತಿತ್ತು.’

ಆಖಿಂ ಆ ಸಾಲಿನ ಮೇಲೆ ಬೆರಳಿಟ್ಟಳು. ಸತ್ತವನಿಗೆ ಅವಳು ಗಂಜಿ ಉಣಿಸಿದ್ದಳು. ಉಣಿಸಿ, ಅದನ್ನು ಬರೆದಿಟ್ಟಿದ್ದಳು. ಮಣ್ಣಿಗೆ ಹೋದವನು ದಿನದಿಂದ ದಿನಕ್ಕೆ ಚೇತರಿಸಿಕೊಂಡು, ಉಪ್ಪು ಕಮ್ಮಿಯೆಂದು ಬೈದಿದ್ದ.

“ತಾರೀಖು ಸರಿಯಾಗಿದೆಯಾ?” ಎಂದು ಕೇಳಿದಳು.

“ಹಾಳೆಗಳ ಮೇಲೆ ಅಚ್ಚಾದ ದಿನಾಂಕಗಳು ಸ್ಪಷ್ಟವಾಗಿವೆ. ದುಃಖದ ದಿನಗಳಲ್ಲಿ ಬರೆಯುವವರಿಗೆ ಗೊಂದಲವಾಗುವುದುಂಟು,” ಎಂದಿತು ಸೊಸೆ. ದನಿಯಲ್ಲಿ ಮರುಕ ಇತ್ತು. ಆ ಮರುಕವೇ ಅವಳಿಗೆ ಚುಚ್ಚಿತು.

ಹೋಗಲಿ, ಅದು ಆಗಿನ ಮಾತು ಎಂದು ಹೋದ ವರ್ಷದ್ದನ್ನು ತೆಗೆಸಿದಳು. ಅಲ್ಲೂ ಹಾಗೆಯೇ. ‘ಹಬೆಪಾತ್ರೆಗೆ ಹೊಸ ಬಟ್ಟೆ ತಂದೆ’ ಎಂದು ಮೊದಲು ಬರೆದಿದ್ದಳು. ‘ಬಟ್ಟೆ ಹರಿದಿದೆ, ತರಬೇಕು’ ಎಂಬುದು ಆಮೇಲೆ ಬಂದಿತ್ತು. ಮಗು ಹುಟ್ಟಿ ತಿಂಗಳು ತುಂಬಿದ ಊಟ ಬಡಿಸಿದ ಮೇಲೆ, ಅದೇ ಮನೆಯ ಬಸುರಿಗೆ ಖಾರ ಹಾಕಬಾರದು ಎಂದು ಬರೆದಿದ್ದಳು.

ಆಖಿಂ ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು. ಅವಳ ಕಣ್ಣ ಮುಂದೆ ಬಂದವಳು ಅವಳ ತಾಯಿ. ಅಪ್ಪ ಹೋದ ಮೇಲೆ ಅವಳು ಪ್ರತಿದಿನ ಅವನ ಕುರ್ಚಿಯ ಮುಂದೆ ಬಟ್ಟಲಿಟ್ಟು, “ಇವತ್ತು ಒಂಚೂರು ಗೆಲುವಾಗಿದಾರೆ” ಎನ್ನುತ್ತಿದ್ದಳು. ಮೊದಲು ಎಲ್ಲರೂ ದುಃಖ ಎಂದುಕೊಂಡರು. ಆಮೇಲೆ ಅವಳು ಒಲೆ ಆರಿಸುವುದನ್ನು ಮರೆತಳು. ಆಮೇಲೆ ಆಖಿಂಳನ್ನೇ ಮರೆತಳು. ಆ ದಾರಿಯ ಮೊದಲ ಮೆಟ್ಟಿಲು ಹೇಗಿರುತ್ತದೆ ಎಂದು ಆಖಿಂಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ತಾನಾಗಲೇ ಕಾಲಿಟ್ಟಾಗಿದೆಯೇ? ಹಾಗಿದ್ದರೆ ರಸ್ತೆ ತುಂಬಾ ಕೂತ ಜನಕ್ಕೆ ತಾನು ಅನ್ನ ಹಾಕುವುದು ಹೇಗೆ? ದದ್ದು ಏಳುವವನ ಬಟ್ಟಲಿಗೆ ಸಿಗಡಿ ಬಿದ್ದರೆ? ಗ್ಯಾಸು ಬಿಟ್ಟೇ ಬಂದರೆ?

ಯಾರಿಗೂ ಹೇಳಲಿಲ್ಲ. ಆದರೆ ಕೈ ಹೇಳಿಬಿಟ್ಟಿತು. ಮಾರನೆಯ ದಿನ ಮದುವೆಗೆಂದು ಕೆಸುವಿನ ಗೆಡ್ಡೆ ಕರಿದು ರುಚಿ ನೋಡುವಾಗ ಉಪ್ಪಿನ ಡಬ್ಬ ಹಿಡಿದು ಸುಮ್ಮನೆ ನಿಂತಳು. ಹಾಕಿದ್ದೇನೋ ಇಲ್ಲವೋ? ನಾಲಿಗೆಗೆ ಉಪ್ಪು ಸಿಕ್ಕಿತು. ಆದರೆ ನಾಲಿಗೆಯನ್ನು ನಂಬಬೇಕೋ ಬೇಡವೋ?

“ಏನೇ ಅದು, ಉಪ್ಪಿಗೂ ಶಾಸ್ತ್ರ ಕೇಳ್ತಿದೀಯಾ?” ಎಂದಳು ಕಿಂಚೂ.

“ಹಾಕಿದ್ನಾ ನಾನು?”

“ನನ್ನ ಕೇಳ್ತೀಯಾ? ಇಷ್ಟು ವರ್ಷ ನಾನು ಉಪ್ಪಿನ ಡಬ್ಬ ಮುಟ್ಟಿದ್ರೆ ಕೈ ಕಡಿಯೋಕೆ ಬರ್ತಿದ್ದೆ!”

ಆಖಿಂ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ನೋಡಿ ಕಿಂಚೂ ಚಾಕು ಕೆಳಗಿಟ್ಟಳು. ಹತ್ತಿರ ಬಂದು ಒಲೆಯನ್ನು ತಾನೇ ಸಣ್ಣ ಮಾಡಿದಳು.

ಸಂಜೆ ಪೇಚುನ್ ಲಾರಿ ನಿಲ್ಲಿಸಿ ಒಳಗೆ ಬಂದಾಗ ಆಖಿಂ ತೆಕ್‌ಫೂನ ದೊಡ್ಡ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದಳು.

“ಊ ಅವರ ಮದುವೆ ನೀನೇ ಮಾಡು. ನಾನು ಒಲೆ ಮುಂದೆ ನಿಲ್ಲಲ್ಲ.”

“ಏನಾಯ್ತು? ಸೊಂಟ ಹಿಡ್ಕೊಂಡಿತಾ?”

“ಸೊಂಟ ಅಲ್ಲ. ಇದು.” ಆಖಿಂ ಹಣೆ ಮುಟ್ಟಿ ತೋರಿಸಿದಳು. “ಅಮ್ಮಂಗೆ ಬಂದದ್ದು ನಂಗೂ ಬಂದಿದೆ. ನಾನು ಹೇಳ್ತಿಲ್ಲ, ಸೊಸೆ ಹೇಳ್ತಿದಾಳೆ. ನೋಡು.”

ಪೇಚುನ್ ಫೋನು ತೆಗೆದುಕೊಂಡು ನಿಂತೇ ಓದಿದಳು. ಓದುತ್ತಾ ಓದುತ್ತಾ ಕೂತಳು. ‘ಎರಡು ಬಟ್ಟಲು. ಉಪ್ಪು ಕಮ್ಮಿ ಎಂದು ಬೈದರು’ ಎಂಬಲ್ಲಿಗೆ ಬಂದಾಗ ಅವಳ ಮುಖ ಇಳಿಯಿತು. ಫೋನನ್ನು, ಕಳಲೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದ ಕಿಂಚೂ ಕಡೆ ಸರಿಸಿದಳು. ಕಿಂಚೂ ಓದಲಿಲ್ಲ. “ಅದ್ರ ಬರಹ ಇರುವೆ ಸಾಲು, ನನ್ನ ಕಣ್ಣಿಗೆ ಕಾಣಲ್ಲ. ನೀನೇ ಹೇಳು,” ಎಂದು ಹೇಳಿಸಿಕೊಂಡಳು.

“ಆಸ್ಪತ್ರೇಲಿ ಪರೀಕ್ಷೆ ಮಾಡಿಸೋಣ ದೊಡ್ಡಮ್ಮಾ. ಅಲ್ಲಿವರೆಗೂ ಸುಮ್ಸುಮ್ನೆ ಹೆದರ್ಕೋಬೇಡ,” ಎಂದಳು ಪೇಚುನ್. ಕೂತಲ್ಲೇ ಫೋನಿನಲ್ಲಿ ಆಸ್ಪತ್ರೆಯ ಸರದಿಯನ್ನೂ ಹಿಡಿದಳು. ಮದುವೆ ಆದ ಮುಂದಿನ ವಾರಕ್ಕೆ ಸಿಕ್ಕಿತು.

“ಪರೀಕ್ಷೆ ಆಗ್ಲಿ. ಆದ್ರೆ ಮದುವೆ ಮುಂಚೇನೇ ಬರುತ್ತಲ್ಲ. ನೀನೇ ನಿಲ್ಲು. ನಂಗೆ ನೆನಪಿರೋ ಹೊತ್ತಲ್ಲೇ ಎಲ್ಲಾ ಬರೆದುಕೊಡ್ತೀನಿ.”

“ಸೊಸೆ ಹತ್ರ ಇದೆಯಲ್ಲ ಎಲ್ಲಾ?”

“ಇನ್ನು ಅದರ ಹತ್ರ ಇರೋದನ್ನ ನಂಬೋದು ಹೇಗೆ? ಬರೆದವಳೇ ಸರಿ ಇಲ್ಲ ಅಂದ್ಮೇಲೆ.”

ಆಖಿಂ ಎದ್ದು ಒಲೆಯ ಪಕ್ಕಕ್ಕೆ ಹೋದಳು. ಅಲ್ಲಿ ಗೋಡೆಯ ಇನ್ನೊಂದು ಮೊಳೆಗೆ ಹಾಳೆಗಳ ಒಂದು ಕಟ್ಟು ತೂಗುತ್ತಿತ್ತು. ಅದರಿಂದ ಹಾಳೆಯೊಂದನ್ನು ಸರ್ರನೆ ಹರಿದು ತಂದು ಬರೆಯತೊಡಗಿದಳು. ‘ಮೊದಲು ತಣ್ಣನೆ ತಿನಿಸಿನ ತಟ್ಟೆ. ಚಿಕ್ಕ ಮಗನ ಮೇಜಿಗೆ ಸಿಗಡಿ ಬದಲು ಹುರಿದ ಕಳಲೆ.’ ಬರಹ ತಡವರಿಸಲಿಲ್ಲ. ಒಂದು ಹಾಳೆ ತುಂಬಿತು, ಪೇಚುನ್ ಕಡೆ ತಳ್ಳಿದಳು. ಇನ್ನೊಂದು ಹರಿದಳು.

ತುಂಬಿದ ಹಾಳೆಯ ಮೇಲೆ ಕಿಂಚೂ ಕಳಲೆಯ ಬಟ್ಟಲಿಡಲು ಹೋದಳು. “ಅಯ್ಯೋ, ಅದು ಬರೆದಿರೋದು, ಒದ್ದೆ ಆಗುತ್ತೆ,” ಎಂದು ಪೇಚುನ್ ಎಳೆದುಕೊಂಡಾಗ ಹಾಳೆ ಮಗುಚಿತು. ಕಿಂಚೂಳ ಕಣ್ಣು ಅದರ ಮುಂದಿನ ಮುಖದ ಮೇಲೆ ಬಿತ್ತು. ಅಲ್ಲಿನ ಅಚ್ಚು ದೊಡ್ಡದು, ಕನ್ನಡಕ ಬೇಕಿರಲಿಲ್ಲ.

“ಏನೇ ಇದು, ಏಳನೇ ತಿಂಗಳ ಪಾಡ್ಯ? ಮೊನ್ನೆ ಮೊನ್ನೆ ವಸಂತದ ಹಬ್ಬಕ್ಕೆ ಸಮಾಧಿ ಗುಡಿಸಿ ಬಂದಿದೀವಿ, ನೀನಾಗ್ಲೇ ಹಸಿದ ದೆವ್ವಗಳ್ನೆಲ್ಲ ಊಟಕ್ಕೆ ಕರೀತಿದೀಯಲ್ಲೇ!”

“ಯಾವ ದೆವ್ವ?” ಎಂದಳು ಆಖಿಂ ತಲೆ ಎತ್ತದೆ.

“ನೋಡಿಲ್ಲಿ. ‘ನರಕದ ಬಾಗಿಲು ತೆರೆಯುವ ದಿನ.’ ಊ ಅಜ್ಜಿ ಮೊಮ್ಮಗನ ಮದುವೆಗೆ ಒಳ್ಳೇ ಮುಹೂರ್ತ ಹುಡುಕಿದೀಯ ಬಿಡು!”

ಪೇಚುನ್ ಹಾಳೆಯನ್ನು ನೋಡಿದಳು. ನಡುಮನೆಯ ಗೋಡೆಯನ್ನು ನೋಡಿದಳು. ಅಲ್ಲಿ ರೈತ ಸಂಘದ ಕ್ಯಾಲೆಂಡರು ವಸಂತದ ತಾರೀಖನ್ನು ಸರಿಯಾಗಿ ತೋರಿಸುತ್ತಿತ್ತು. ದೊಡ್ಡಮ್ಮ ಈಗತಾನೇ ಹರಿದ ಎರಡನೇ ಹಾಳೆಯನ್ನು ಅವಳ ಪೆನ್ನಿನ ಅಡಿಯಿಂದ ಎಳೆದು ಮಗುಚಿದಳು. ಅದು ಏಳನೇ ತಿಂಗಳದ್ದಲ್ಲ. ಅದರ ಹಿಂದಿನ ದಿನದ್ದು.

“ದೊಡ್ಡಮ್ಮಾ, ನೀನು ಹಿಂದಕ್ಕೆ ಹೋಗ್ತಿದೀಯಾ?”

“ಎಲ್ಲಿಗೆ?”

ಪೇಚುನ್ ಎದ್ದು ಒಲೆಯ ಪಕ್ಕದ ಕಟ್ಟನ್ನು ಮೊಳೆಯಿಂದ ಕಿತ್ತು ತಂದಳು. ಅದು ಗ್ಯಾಸ್ ಅಂಗಡಿಯ ಕ್ಯಾಲೆಂಡರು. ಮುಖವನ್ನು ಗೋಡೆಗೆ ಮಾಡಿ ನೇತುಹಾಕಿತ್ತು. ಖಾಲಿ ಬೆನ್ನುಗಳು ಹೊರಗೆ, ತಾರೀಖುಗಳೆಲ್ಲ ಒಳಗೆ. ಮೇಲಿನಿಂದ ಹರಿದರೆ ಮೊದಲು ಕೈಗೆ ಬರುವುದು ವರ್ಷದ ಕೊನೆಯ ದಿನ.

“ಇದನ್ನ ಯಾಕೆ ಹೀಗೆ ಹಾಕಿದೀಯಾ?”

“ಮತ್ತೆ ಹೇಗೆ ಹಾಕೋದು? ಬರೆಯೋ ಕಡೆ ಹೊರಗಿದ್ರೆ ತಾನೇ ಬರೆಯೋಕಾಗೋದು. ದಿನಾ ಹರಿಯೋದೇನೂ ಅಲ್ಲ, ಬರೆಯೋದಿದ್ದಾಗ ಒಂದು. ಜೊತೆಗೆ ಒಂದೇ ಮನೇಲಿ ಎರಡು ದಿನ ಇರಬಾರ್ದು ಅಂತ ನಮ್ಮತ್ತೆ ಹೇಳ್ತಿದ್ರು. ಗೋಡೇಲಿ ಒಂದು ತಾರೀಖು, ಒಲೆ ಹತ್ರ ಇನ್ನೊಂದು ತಾರೀಖು ಇದ್ರೆ ಮನೆಯವ್ರು ದಾರಿ ತಪ್ತಾರಂತೆ. ಅದಕ್ಕೇ ಅದರ ಮುಖ ಗೋಡೆಗೆ.”

“ಎಷ್ಟು ವರ್ಷದಿಂದ?”

“ಮದುವೆಯಾಗಿ ಬಂದಾಗಿಂದ. ಯಾಕೆ?”

ಪೇಚುನ್ ಮಂಚದ ಕೆಳಗಿನಿಂದ ಆ ವರ್ಷದ ಡಬ್ಬವನ್ನು ಎಳೆದು ಮೇಜಿನ ಮೇಲೆ ಸುರಿದಳು. ಮೂವರೂ ಬಗ್ಗಿ ಹುಡುಕಿದರು. ಕೊನೆಯ ಕಾರ್ಯದ ಚೀಟಿ ಸಿಕ್ಕಿತು. ಮಗುಚಿದರೆ ಕೆಳಗೆ ರೈತ ಸಂಘದ ಹೆಸರು. ಆವತ್ತು ಅಡುಗೆಮನೆಯ ತುಂಬಾ ಜನ. ಆಖಿಂ ನಡುಮನೆಯ ಗೋಡೆಯಿಂದ ಹರಿದ ಹಾಳೆಯ ಮೇಲೆಯೇ ಬರೆದಿದ್ದಳು. ‘ಎರಡು ಚಮಚ ಗಂಜಿ’ ಸಿಕ್ಕಿತು. ಗ್ಯಾಸ್ ಅಂಗಡಿ. ‘ಅರ್ಧ ಬಟ್ಟಲು.’ ಗ್ಯಾಸ್ ಅಂಗಡಿ. ‘ದಿಂಬಿಗೆ ಒರಗಿ ಕೂತು ತಿಂದರು.’ ಗ್ಯಾಸ್ ಅಂಗಡಿ. ಉಪ್ಪು ಕಮ್ಮಿಯೆಂದು ಬೈದದ್ದೂ ಅದೇ, ಮುಂದುಗಡೆ ಪಾಯಸದ ಬಟ್ಟಲಿನ ಚಿತ್ರದೊಂದಿಗೆ.

“ಅಯನದ ದಿನ ಅಲ್ಲ ದೊಡ್ಡಮ್ಮಾ ಇದು. ಆ ವರ್ಷ ಮೊದಮೊದಲು ಹರಿದದ್ದು. ವಸಂತದಲ್ಲಿ. ಆಗಿನ್ನೂ ದೊಡ್ಡಪ್ಪ ಎರಡು ಬಟ್ಟಲು ತಿಂತಿದ್ರು, ಬೈತಾನೂ ಇದ್ರು. ಆಮೇಲೆ ಒಂದು ಬಟ್ಟಲು. ಆಮೇಲೆ ಅರ್ಧ. ನೀನು ಸರಿಯಾಗೇ ಬರ್ದಿದೀಯಾ. ಕ್ಯಾಲೆಂಡರು ಉಲ್ಟಾ ಇತ್ತು, ನೀನಲ್ಲ.”

ಆಖಿಂ ಚೀಟಿಯನ್ನು ಕೈಗೆ ತೆಗೆದುಕೊಂಡಳು. ಬೆನ್ನು ನೋಡಿದಳು, ಮುಖ ನೋಡಿದಳು, ಮತ್ತೆ ಬೆನ್ನು ನೋಡಿದಳು.

“ಹಬೆ ಬಟ್ಟೆ?”

“ಮೊದಲು ಹರೀತು, ಆಮೇಲೆ ತಂದೆ. ಎಲ್ಲರ ಹಾಗೇನೇ.”

“ಬಸುರಿಗೆ ಖಾರ ಬೇಡ ಅಂದದ್ದು?”

“ಬಸುರಿ ಇದ್ದಾಗ್ಲೇ ಅಂದದ್ದು. ಮಗು ಆಮೇಲೆ ಬಂತು.”

ಆಖಿಂ ಹಿಡಿದಿದ್ದ ಉಸಿರು ಒಮ್ಮೆಗೇ ಹೊರಗೆ ಬಂತು, ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಹಿಂದೆಯೇ ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ಯಾವುದು ಮೊದಲು ಬಂದದ್ದು ಎಂಬ ವಿಷಯದಲ್ಲಿ ಕಿಂಚೂ ಒಂದು ಹೇಳುತ್ತಾಳೆ, ಪೇಚುನ್ ಇನ್ನೊಂದು. ಆಖಿಂ ನಗುವೇ ಮೊದಲು ಎನ್ನುತ್ತಾಳೆ.

ಕಿಂಚೂ ಬಟ್ಟೆಯಲ್ಲಿ ಸುತ್ತಿದ್ದ ಚಾಕುವನ್ನು ಬಿಚ್ಚಿ ಅವಳ ಮುಂದೆ ಟಪ್ಪನೆ ಇಟ್ಟಳು. “ಹುಚ್ಚಿ! ತಲೆ ಕೆಟ್ಟಿದೆ ಅಂತ ಗೊತ್ತಾಗೋಕೆ ಫೋನು ಬೇಕಾಗಿತ್ತಾ? ನನ್ನ ಕೇಳಿದ್ರೆ ಯಾವತ್ತೋ ಹೇಳ್ತಿದ್ದೆ, ನಿಂಗೆ ಮೊದ್ಲಿಂದ್ಲೂ ಕೆಟ್ಟಿದೆ, ಹೊಸದೇನಿಲ್ಲ ಅಂತ.” ಅಂದವಳೇ ಮುಖ ತಿರುಗಿಸಿ ಮುಂಗೈಯಿಂದ ಮೂಗು ಒರೆಸಿಕೊಂಡಳು. “ಈ ಹಸಿ ಕಳಲೆ ವಾಸನೆ ಒಂದು,” ಎಂದಳು. ಆ ಕಳಲೆ ಬೇಯಿಸಿದ್ದಾಗಿತ್ತು.

ಆಖಿಂ ಫೋನನ್ನು ಎತ್ತಿಕೊಂಡಳು.

“ಇಲ್ಲಿ ಕೇಳಮ್ಮಾ. ಕೆಳಗಡೆ ಗ್ಯಾಸ್ ಅಂಗಡಿ ಹೆಸರು ಇರೋ ಹಾಳೆಗಳಿವೆಯಲ್ಲ, ಅವನ್ನ ನಾನು ವರ್ಷದ ಕೊನೆಯಿಂದ ಹಿಂದಕ್ಕೆ ಹರೀತಾ ಬಂದದ್ದು. ಅವುಗಳ ಮೇಲಿನ ತಾರೀಖು ಸುಳ್ಳು.”

“ತಿಳಿಸಿದ್ದಕ್ಕೆ ಧನ್ಯವಾದ,” ಎಂದಿತು ಸೊಸೆ. “ಬರೆದವರಿಗೆ ಗೊಂದಲ ಎಂದದ್ದು ನನ್ನ ತಪ್ಪು. ಹಾಳೆ ಹೇಗೆ ಹರಿಯುತ್ತೀರಿ ಎಂದು ನಾನು ಮೊದಲೇ ಕೇಳಬೇಕಿತ್ತು. ಆ ಹಾಳೆಗಳನ್ನು ತಿರುವುಮುರುವು ಮಾಡುತ್ತೇನೆ. ಬರೆದ ದಿನ ಯಾವುದೆಂದು ಹೇಳಲಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಹೇಳಬಲ್ಲೆ.”

“ಅಷ್ಟು ಸಾಕು.”

“ನೋಡ್ರೇ, ತಪ್ಪು ಒಪ್ಕೊಳ್ತು! ಇದು ಸೊಸೆ ಅಲ್ಲ ಬಿಡು,” ಎಂದಳು ಕಿಂಚೂ.

ಸಾಲುಗಳು ಮತ್ತೆ ಬಂದವು. ಎರಡು ಬಟ್ಟಲು, ಬೈಗುಳ. ಒಂದು ಬಟ್ಟಲು, ದಿಂಬು. ಅರ್ಧ ಬಟ್ಟಲು, ಶುಂಠಿ ಸಾಕು. ಎರಡು ಚಮಚ. ಆಮೇಲೆ ಅಣಬೆ ಸಾಲದ ಆ ಊಟ. ಅದಾದ ಮೇಲೆ ವರ್ಷ ಮುಗಿಯುವವರೆಗೂ ಒಂದು ಚೀಟಿಯೂ ಇರಲಿಲ್ಲ. ಅಷ್ಟು ದಿನ ಅವಳು ಏನನ್ನೂ ಬರೆದಿರಲಿಲ್ಲ. ಆಖಿಂ ನಿಧಾನವಾಗಿ, ಒಂದನ್ನೂ ಬಿಡದೆ ಓದಿದಳು. ತೆಕ್‌ಫೂ ಚೇತರಿಸಿಕೊಳ್ಳಲಿಲ್ಲ. ಅವನು ಹೋದ ಹಾಗೆಯೇ ಹೋದ, ಮೆಲ್ಲಗೆ, ಬಟ್ಟಲಿಂದ ಚಮಚಕ್ಕೆ. ಆದರೆ ಪ್ರತಿಯೊಂದು ದಿನವೂ ಅವಳು ಪಕ್ಕದಲ್ಲಿ ಇದ್ದಳು, ಎಷ್ಟು ತಿಂದ ಎಂದು ನೋಡಿದ್ದಳು, ಬರೆದಿದ್ದಳು. ಹಬೆ ಹಿಡಿದ ಗಾಜನ್ನು ಯಾರೋ ಅಂಗೈಯಿಂದ ಒರೆಸಿದ ಹಾಗೆ ಆ ಬೇಸಗೆ ಕಾಣಿಸಿತು. ಸಂಕಟವಾಯಿತು. ಆದರೆ ಅದು ಹೆದರಿಕೆಯ ಸಂಕಟವಲ್ಲ.

“ಉಪ್ಪು ಆವತ್ತು ನಿಜವಾಗ್ಲೂ ಕಮ್ಮಿ ಇತ್ತು,” ಎಂದಳು. “ಆಸ್ಪತ್ರೆಯವ್ರು ಉಪ್ಪು ಹಾಕ್ಬೇಡಿ ಅಂದಿದ್ರು.”

ಊ ಅಜ್ಜಿಯ ಮೊಮ್ಮಗನ ಮದುವೆಯೂಟಕ್ಕೆ ಒಲೆಯ ಮುಂದೆ ಆಖಿಂಳೇ ನಿಂತಳು. ಪಕ್ಕದ ಒಲೆಗೆ ಪೇಚುನ್ ನಿಂತಳು. ಚಿಕ್ಕ ಮಗನ ಮೇಜಿಗೆ ಸಿಗಡಿ ಹೋಗಲಿಲ್ಲ, ಸಾರು ತಣ್ಣಗಾಗಲಿಲ್ಲ. ಅಜ್ಜಿ ಕೋಲೂರಿಕೊಂಡು ಒಲೆಯವರೆಗೂ ಬಂದು, “ತೆಕ್‌ಫೂ ಮಾಡಿದ ಹಾಗೇ ಇದೆಯಲ್ಲೇ ಏಡಿ ಅನ್ನ,” ಎಂದಳು. “ಅವರದಕ್ಕಿಂತ ಚೆನ್ನಾಗಿದೆ ಅನ್ನಿ ಅಜ್ಜಿ, ಅವರೇನು ಎದ್ದು ಬಂದು ಬೈಯಲ್ಲ,” ಎಂದು ಆಖಿಂ ಉತ್ತರಿಸಿದ್ದನ್ನು ಅಲ್ಲಿದ್ದವರೆಲ್ಲ ಕೇಳಿದ್ದಾರೆ.

ಹಿಡಿದಿದ್ದ ಸರದಿಯನ್ನು ಅವಳು ಬಿಡಲಿಲ್ಲ. ಆಸ್ಪತ್ರೆಗೂ ಹೋಗಿ ಬಂದಳು. ಇವತ್ತು ಯಾವ ದಿನ ಎಂದು ವೈದ್ಯರು ಕೇಳಿದಾಗ, “ಗೋಡೆದು ಹೇಳ್ಲಾ, ಒಲೆ ಹತ್ರದ್ದು ಹೇಳ್ಲಾ?” ಎಂದಳಂತೆ. ಪೇಚುನ್ ತಾನೇ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ವಯಸ್ಸಿಗೆ ತಕ್ಕ ಮರೆವು, ಅದಕ್ಕಿಂತ ಹೆಚ್ಚೇನಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಆ ಕಾಗದದ ಫೋಟೋವನ್ನೂ ಆಖಿಂ ತೆಗೆದು ಸೊಸೆಗೆ ಕೊಟ್ಟಿದ್ದಾಳೆ. ಗ್ಯಾಸ್ ಅಂಗಡಿಯ ಕ್ಯಾಲೆಂಡರು ಈಗಲೂ ಗೋಡೆಗೆ ಮುಖ ಮಾಡಿಯೇ ತೂಗುತ್ತಿದೆ. ತಿರುಗಿಸಿ ಹಾಕು ಎಂದು ಪೇಚುನ್ ಎಷ್ಟು ಹೇಳಿದರೂ, ಒಂದು ಮನೆಯಲ್ಲಿ ಎರಡು ದಿನ ಬೇಡ ಎಂದೇ ಹೇಳುತ್ತಾಳೆ. ಬರೆಯುವಾಗ ಮಾತ್ರ ಮೂಲೆಯಲ್ಲಿ ಆ ದಿನದ ತಾರೀಖನ್ನು ಕೈಯಾರೆ ಹಾಕುತ್ತಾಳೆ.

ನನಗೆ ಗೊತ್ತಿರುವುದು ಇಷ್ಟೇ. ನಾಳೆ ಬೆಳಿಗ್ಗೆ ಇದನ್ನು ಆಖಿಂ ಅತ್ತೆಯ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಅವಳು ತಪ್ಪು ಎಂದದ್ದನ್ನು ಹೊಡೆದುಹಾಕಿ, ಇನ್ನೊಮ್ಮೆ ನಿಧಾನವಾಗಿ, ಗೆರೆಯಿರುವ ಹಾಳೆಯ ಮೇಲೆ ಬರೆಯುತ್ತೇನೆ.